ಯುವನಿಧಿ: ಕೆಲಸ ಇಲ್ಲ ಅಂತ ಎಷ್ಟು ಸಲ, ಯಾರ ಮುಂದೆ ಹೇಳಬೇಕು?

ಹೊಸದುರ್ಗದಲ್ಲಿರುವ ನನ್ನ ಚಿಕ್ಕಪ್ಪನ ಮಗಳು ಒಂದು ಸಂಜೆ ಫೋನ್ ಮಾಡಿದಳು. ಬಿ.ಕಾಂ. ಮುಗಿಸಿ ಕೆಲಸ ಹುಡುಕುತ್ತಿರುವವಳು. "ಅಣ್ಣಾ, ಯುವನಿಧಿ ದುಡ್ಡು ನಿಂತುಹೋಗಿದೆ" ಅಂದಳು. ಸ್ವಯಂ ಘೋಷಣೆ ಮಾಡಿದ್ಯಾ ಅಂತ ಕೇಳಿದೆ. "ತಿಂಗಳು ತಿಂಗಳು ಮಾಡೋದು ಬೇಡ ಅಂದ್ರಲ್ಲ, ಅದಕ್ಕೆ ಬಿಟ್ಟೆ."

ಸರ್ಕಾರ ಹೇಳಿದ್ದು ತಿಂಗಳಿಗೊಮ್ಮೆ ಬೇಡ, ಮೂರು ತಿಂಗಳಿಗೊಮ್ಮೆ ಮಾಡಿ ಅಂತ. ಅವಳಿಗೆ ತಲುಪಿದ್ದು ಅರ್ಧ ಮಾತ್ರ. ಅಲ್ಲಿಗೆ ಸೇವಾ ಕೇಂದ್ರಕ್ಕಾದರೂ ಹೋಗಿ ಕೇಳಬಹುದಿತ್ತಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಅಲ್ಲಿ ಕೂತಿರೋರು ಗೊತ್ತಿರೋರೇ. ಸ್ಕ್ರೀನ್ ನೋಡ್ಕೊಂಡು, ಇನ್ನೂ ಕೆಲಸ ಸಿಕ್ಕಿಲ್ವೇನಮ್ಮ ಅಂತ ಜೋರಾಗಿ ಕೇಳ್ತಾರೆ. ಹಿಂದೆ ನಿಂತೋರಿಗೆಲ್ಲ ಕೇಳಿಸುತ್ತೆ."

ಈ ಲೇಖನ ಹುಟ್ಟಿದ್ದು ಆ ಎರಡು ಮಾತುಗಳಿಂದ. ಒಂದು, ನಿರುದ್ಯೋಗ ಭತ್ಯೆ ಪಡೆಯುವ ವಿಧಾನ ಬದಲಾದಾಗ ಅದು ನಿಜಕ್ಕೂ ಯಾರಿಗೆ ಸುಲಭವಾಯಿತು? ಎರಡು, 'ನನಗೆ ಕೆಲಸ ಇಲ್ಲ' ಎಂಬ ಮಾಹಿತಿ ಯಾರದ್ದು? ನಮ್ಮದೋ, ಸರ್ಕಾರದ್ದೋ, ಕೌಂಟರ್‌ನಲ್ಲಿ ಸಾಲು ನಿಂತವರದ್ದೋ?

ಮೊದಲು, ಯೋಜನೆ ಏನು?

ಗೊತ್ತಿರುವವರು ಈ ಪ್ಯಾರಾ ದಾಟಬಹುದು. ಕಾಂಗ್ರೆಸ್ ಸರ್ಕಾರದ ಐದು ಗ್ಯಾರಂಟಿಗಳಲ್ಲಿ ಕೊನೆಯದಾಗಿ ಜಾರಿಗೆ ಬಂದದ್ದು ಯುವನಿಧಿ. 2023ರ ಡಿಸೆಂಬರ್ 26ರಂದು ನೋಂದಣಿ ಆರಂಭ. 2024ರ ಜನವರಿ 12ರಂದು, ವಿವೇಕಾನಂದ ಜಯಂತಿಯ ದಿನ, ಶಿವಮೊಗ್ಗದಲ್ಲಿ ಹಣ ವರ್ಗಾವಣೆಗೆ ಚಾಲನೆ. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದಿದ್ದರೆ ಅರ್ಹತೆ. ಗರಿಷ್ಠ ಎರಡು ವರ್ಷ, ಅಥವಾ ಕೆಲಸ ಸಿಗುವವರೆಗೆ. 2022-23ರಲ್ಲಿ ಪಾಸಾದವರಿಂದ ಶುರುವಾಗಿ ಆಮೇಲಿನ ಬ್ಯಾಚ್‌ಗೂ ವಿಸ್ತರಣೆಯಾಯಿತು. ಉನ್ನತ ವ್ಯಾಸಂಗಕ್ಕೆ ಸೇರಿದವರಿಗೆ, ಅಪ್ರೆಂಟಿಸ್ ವೇತನ ಪಡೆಯುವವರಿಗೆ, ಸರ್ಕಾರಿ ಅಥವಾ ಖಾಸಗಿ ಕೆಲಸದಲ್ಲಿರುವವರಿಗೆ ಇಲ್ಲ. ನಡೆಸುವುದು ಕೌಶಲ್ಯಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಇಲಾಖೆ. ಅರ್ಜಿ ಸೇವಾ ಸಿಂಧು ಪೋರ್ಟಲ್‌ನಲ್ಲಿ.

ಲೆಕ್ಕ ಹಾಕಿದರೆ ಒಬ್ಬ ಪದವೀಧರೆಗೆ ಎರಡು ವರ್ಷದಲ್ಲಿ ಹೆಚ್ಚೆಂದರೆ 72,000 ರೂಪಾಯಿ. ಬೆಂಗಳೂರಿನಲ್ಲಿ ಕೂತು ಇದನ್ನು 'ಬಿಟ್ಟಿ ಭಾಗ್ಯ' ಅಂತ ನಗುವವರಿಗೆ ಒಂದು ಮಾತು. ಹೊಳಲ್ಕೆರೆಯ ಹಳ್ಳಿಯಿಂದ ದಾವಣಗೆರೆಗೋ ಬೆಂಗಳೂರಿಗೋ ಸಂದರ್ಶನಕ್ಕೆ ಹೋಗಿಬರುವ ಖರ್ಚು, ಸ್ಪರ್ಧಾತ್ಮಕ ಪರೀಕ್ಷೆಯ ಅರ್ಜಿ ಶುಲ್ಕ, ಲೈಬ್ರರಿ ಫೀಸು, ಮೊಬೈಲ್ ರೀಚಾರ್ಜ್ ಎಲ್ಲ ಕೂಡಿದರೆ 3,000 ಎಲ್ಲಿಗೆ ಹೋಗುತ್ತೆ ಅಂತ ಕೆಲಸ ಹುಡುಕಿದವರಿಗೆ ಗೊತ್ತು.

ಬದಲಾದದ್ದು ಏನು?

ಮೊದಲಿನ ನಿಯಮ ಹೀಗಿತ್ತು. ಪ್ರತಿ ತಿಂಗಳು 25ನೇ ತಾರೀಕಿನೊಳಗೆ ಪೋರ್ಟಲ್‌ಗೆ ಹೋಗಿ ನಾನು ನಿರುದ್ಯೋಗಿ, ಉನ್ನತ ವ್ಯಾಸಂಗ ಮಾಡುತ್ತಿಲ್ಲ, ಕರ್ನಾಟಕದಲ್ಲೇ ಇದ್ದೇನೆ ಎಂದು ಸ್ವಯಂ ಘೋಷಣೆ ಕೊಡಬೇಕು. ಕೊಡದಿದ್ದರೆ ಹಣ ಬರುವುದಿಲ್ಲ. ಸುಳ್ಳು ಘೋಷಣೆ ಕೊಟ್ಟರೆ ವಸೂಲಿ, ದಂಡ. ಆಮೇಲೆ ಇದನ್ನು ಮೂರು ತಿಂಗಳಿಗೊಮ್ಮೆ ಎಂದು ಸಡಿಲಿಸಲಾಯಿತು.

ನೋಡೋಕೆ ಇದು ಸೀದಾ ಅನುಕೂಲ. ಎರಡು ವರ್ಷಕ್ಕೆ 24 ಸಲ ಲಾಗಿನ್ ಆಗೋ ಬದಲು ಎಂಟೇ ಸಲ. ಸರ್ವರ್ ಕೈಕೊಡುವ, ಒಟಿಪಿ ಬಾರದಿರುವ, ಕೊನೇ ದಿನ ಪೋರ್ಟಲ್ ತೆರೆಯದಿರುವ ಸಂದರ್ಭಗಳೂ ಅಷ್ಟೇ ಕಡಿಮೆ. ಇದು ಒಳ್ಳೆ ಬದಲಾವಣೆಯೇ.

ಆದರೆ ನಾನು ಓದಿದ್ದು ಎಂಜಿನಿಯರಿಂಗ್, ಅಲ್ಲಿ ಕಲಿಸಿದ ಒಂದು ಪಾಠ ಇನ್ನೂ ಮರೆತಿಲ್ಲ. ಒಂದು ವ್ಯವಸ್ಥೆಯಲ್ಲಿ ತಪ್ಪು ಎಷ್ಟು ಸಲ ಆಗಬಹುದು ಎಂಬುದು ಒಂದು ಲೆಕ್ಕ, ಆ ತಪ್ಪು ಆದಾಗ ಎಷ್ಟು ನಷ್ಟ ಎಂಬುದು ಇನ್ನೊಂದು ಲೆಕ್ಕ. ಮೊದಲನೆಯದನ್ನು ಕಡಿಮೆ ಮಾಡುವಾಗ ಎರಡನೆಯದು ಹೆಚ್ಚಾಗಬಹುದು. ತಿಂಗಳಿನ ಘೋಷಣೆ ತಪ್ಪಿದರೆ ಪಣಕ್ಕೆ ಬೀಳುವುದು 3,000 ರೂಪಾಯಿ. ತ್ರೈಮಾಸಿಕ ಘೋಷಣೆ ತಪ್ಪಿದರೆ 9,000. ಅದೂ ಅಲ್ಲದೆ ತಿಂಗಳಿಗೊಮ್ಮೆ ಮಾಡುವ ಕೆಲಸ ಮೈಗೂಡಿಬಿಡುತ್ತೆ, ಕರೆಂಟ್ ಬಿಲ್ ಕಟ್ಟಿದ ಹಾಗೆ. ಮೂರು ತಿಂಗಳಿಗೊಮ್ಮೆ ಮಾಡುವುದನ್ನು ಯಾರಾದರೂ ನೆನಪಿಸಬೇಕು. ಗಡುವಿಗೆ ಹತ್ತು ದಿನ ಮೊದಲು ಒಂದು, ಎರಡು ದಿನ ಮೊದಲು ಇನ್ನೊಂದು ಎಸ್‌ಎಂಎಸ್ ಕನ್ನಡದಲ್ಲಿ ಬಂದಿದ್ದರೆ ನನ್ನ ತಂಗಿ ನನಗೆ ಫೋನ್ ಮಾಡುತ್ತಲೇ ಇರಲಿಲ್ಲ.

'ಕೆಲಸ ಇದೆಯೇ?' ಎಂಬ ಪ್ರಶ್ನೆಗೆ ಹೌದು-ಇಲ್ಲ ಸಾಕೇ?

ಇದಕ್ಕಿಂತ ದೊಡ್ಡ ತೊಡಕು ಘೋಷಣೆಯ ಒಳಗೇ ಇದೆ. ಅದು ಕೇಳುವುದು ಹೌದು-ಇಲ್ಲ ಪ್ರಶ್ನೆ. ನಮ್ಮ ಕಡೆಯ ಬದುಕು ಹೌದು-ಇಲ್ಲದಲ್ಲಿ ಕೂರುವುದಿಲ್ಲ.

ಹೊಳಲ್ಕೆರೆಯಲ್ಲಿ ಅಡಿಕೆ ಸುಗ್ಗಿ ಬಂದಾಗ ಡಿಗ್ರಿ ಮುಗಿಸಿದ ಹುಡುಗರೂ ಕೊನೆ ಹೊರಲು, ಅಡಿಕೆ ಸುಲಿಯುವ ಕಡೆ ಲೆಕ್ಕ ಬರೆಯಲು ಹೋಗುತ್ತಾರೆ. ಹೊಸದುರ್ಗದ ಕಡೆ ತೆಂಗು, ದಾಳಿಂಬೆ. ಹಿರಿಯೂರು ಹೆದ್ದಾರಿ ಊರು. ಬೆಂಗಳೂರು-ಪುಣೆ ರಸ್ತೆಯ ಹೋಟೆಲ್, ಡಾಬಾ, ಪೆಟ್ರೋಲ್ ಬಂಕ್‌ಗಳಲ್ಲಿ ಹದಿನೈದು ದಿನ ಕೆಲಸ, ಒಂದು ತಿಂಗಳು ಇಲ್ಲ. ಚಿತ್ರದುರ್ಗ ಪಟ್ಟಣದಲ್ಲಿ ಸಂಜೆ ಹತ್ತು ಮಕ್ಕಳಿಗೆ ಟ್ಯೂಷನ್, ಬಿಡುವಿದ್ದಾಗ ಡೆಲಿವರಿ. ಇವರೆಲ್ಲ ಉದ್ಯೋಗಿಗಳೋ, ನಿರುದ್ಯೋಗಿಗಳೋ? ಸ್ವಂತ ತೋಟದಲ್ಲಿ ಅಪ್ಪನ ಜೊತೆ ಕೆಲಸ ಮಾಡುವ ಹುಡುಗಿ ಯಾವ ಲೆಕ್ಕಕ್ಕೆ?

ತಿಂಗಳಿನ ಘೋಷಣೆಯಲ್ಲಿ ಈ ಗೊಂದಲ ಒಂದು ತಿಂಗಳಿಗೆ ಸೀಮಿತವಾಗಿತ್ತು. ಈಗ ಮೂರು ತಿಂಗಳನ್ನು ಒಟ್ಟಿಗೆ ಸೇರಿಸಿ ಒಂದೇ ಉತ್ತರ ಕೊಡಬೇಕು. ಮಧ್ಯದ ತಿಂಗಳಲ್ಲಿ ಇಪ್ಪತ್ತು ದಿನ ದುಡಿದಿದ್ದರೆ? ಪ್ರಾಮಾಣಿಕರು ಹೆದರಿ ಘೋಷಣೆಯನ್ನೇ ಬಿಟ್ಟುಬಿಡುತ್ತಾರೆ. ಧೈರ್ಯ ಇರುವವರು ಟಿಕ್ ಒತ್ತಿ ಮುಂದೆ ಹೋಗುತ್ತಾರೆ. ಸತ್ಯ ಹೇಳಿದವರಿಗೆ ನಷ್ಟ ಮಾಡುವ ಫಾರಂ ಒಳ್ಳೆಯ ಫಾರಂ ಅಲ್ಲ.

ಅಮೆರಿಕದಲ್ಲಿ ನಿರುದ್ಯೋಗ ವಿಮೆ 1935ರ ಸಾಮಾಜಿಕ ಭದ್ರತಾ ಕಾಯ್ದೆಯ ಕಾಲದಿಂದ ಇದೆ. ಅಲ್ಲಿನ ರಾಜ್ಯಗಳು ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ಘೋಷಣೆ ಕೇಳುತ್ತವೆ. ಆದರೆ ಪ್ರಶ್ನೆ 'ಕೆಲಸ ಇದೆಯೋ ಇಲ್ಲವೋ' ಎಂದಷ್ಟೇ ಅಲ್ಲ, 'ಈ ವಾರ ಎಷ್ಟು ದುಡಿದಿರಿ' ಎಂದೂ ಕೇಳುತ್ತಾರೆ. ಸ್ವಲ್ಪ ದುಡಿದಿದ್ದರೆ ಭತ್ಯೆಯಲ್ಲಿ ಸ್ವಲ್ಪ ಕಡಿತ, ಪೂರ್ತಿ ಬಂದ್ ಅಲ್ಲ. ಅಲ್ಲಿನ ವ್ಯವಸ್ಥೆ ಮಾಲೀಕರ ತೆರಿಗೆಯಿಂದ ನಡೆಯುವ ವಿಮೆ, ನಮ್ಮದು ಸರ್ಕಾರದ ನೆರವು, ಎರಡೂ ಒಂದೇ ಅಲ್ಲ. ಆದರೂ ಪ್ರಶ್ನೆ ಕೇಳುವ ರೀತಿ ಕಲಿಯಬಹುದು.

ನಮ್ಮಲ್ಲೇ ಇನ್ನೊಂದು ಉದಾಹರಣೆ ಇದೆ. ಬೆಂಗಳೂರು, ತುಮಕೂರಿನ ಫ್ಯಾಕ್ಟರಿಗಳಲ್ಲಿ ದುಡಿದು ಕೆಲಸ ಕಳೆದುಕೊಂಡು ವಾಪಸ್ ಊರಿಗೆ ಬಂದವರಿಗೆ ಯುವನಿಧಿ ಸಂಬಂಧಪಡುವುದಿಲ್ಲ. ಆದರೆ ಅವರು ಇಎಸ್‌ಐ ವಂತಿಗೆ ಕಟ್ಟಿದ್ದರೆ 2018ರಲ್ಲಿ ಆರಂಭವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಇದೆ. ಜೀವಮಾನದಲ್ಲಿ ಒಮ್ಮೆ, 90 ದಿನದವರೆಗೆ ಪರಿಹಾರ. ಶುರುವಿನಲ್ಲಿ ಸರಾಸರಿ ದಿನಗೂಲಿಯ ಶೇ. 25 ಸಿಗುತ್ತಿತ್ತು, ಕೋವಿಡ್ ಕಾಲದಲ್ಲಿ ಅದನ್ನು ಶೇ. 50ಕ್ಕೆ ಏರಿಸಿದರು. 2020ರಲ್ಲೇ ಇನ್ನೊಂದು ಮಹತ್ವದ ತಿದ್ದುಪಡಿ ಆಯಿತು. ಅದುವರೆಗೆ ಅರ್ಜಿ ಹಳೇ ಮಾಲೀಕರ ಮೂಲಕ ಹೋಗಬೇಕಿತ್ತು. ಅಂದರೆ ನಿಮ್ಮನ್ನು ಕೆಲಸದಿಂದ ತೆಗೆದವನ ಹತ್ತಿರವೇ ಹೋಗಿ ಸಹಿ ಕೇಳಬೇಕು. ಅದನ್ನು ಬದಲಿಸಿ, ಕಾರ್ಮಿಕರೇ ನೇರವಾಗಿ ಇಎಸ್‌ಐ ಶಾಖಾ ಕಚೇರಿಗೆ ಅರ್ಜಿ ಕೊಡಬಹುದು ಎಂದರು. ಕಾಯುವ ಅವಧಿ 90 ದಿನದಿಂದ 30 ದಿನಕ್ಕೆ ಇಳಿಯಿತು. ಅರ್ಜಿ ಯಾರ ಕೈ ದಾಟಿ ಹೋಗುತ್ತದೆ ಎಂಬುದು ಬದಲಾದರೆ ಅರ್ಜಿ ಹಾಕುವ ಧೈರ್ಯವೂ ಬದಲಾಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಮಾತಿಗೆ ಬೇಕಾಗುತ್ತದೆ.

ನಿಮ್ಮ ಮಾಹಿತಿ ಎಲ್ಲೆಲ್ಲಿ ಹಾದು ಹೋಗುತ್ತದೆ?

ಯುವನಿಧಿ ಅರ್ಜಿ ಒಂದೇ ಕಡೆ ಕೂತಿರುವ ಕಾಗದ ಅಲ್ಲ. ನಿಮ್ಮ ಗುರುತು ಆಧಾರ್‌ನಿಂದ. ನಿಮ್ಮ ಡಿಗ್ರಿ, ವಿಶ್ವವಿದ್ಯಾಲಯ ಎನ್‌ಎಡಿ ಎಂಬ ರಾಷ್ಟ್ರೀಯ ಶೈಕ್ಷಣಿಕ ಭಂಡಾರಕ್ಕೆ ಏರಿಸಿದ ದಾಖಲೆಯಿಂದ. ನಮ್ಮ ಜಿಲ್ಲೆಯ ಸಾಮಾನ್ಯ ಪದವಿ ಕಾಲೇಜುಗಳು ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಗೆ, ಎಂಜಿನಿಯರಿಂಗ್ ಕಾಲೇಜುಗಳು ವಿಟಿಯುಗೆ. ಅಂಕಪಟ್ಟಿ ಕೈಲಿದ್ದರೂ ಅದು ಎನ್‌ಎಡಿಗೆ ಏರದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ಆಮೇಲೆ ಕನಿಷ್ಠ ಆರು ವರ್ಷ ಕರ್ನಾಟಕದಲ್ಲಿ ಓದಿದ್ದಕ್ಕೆ ಪುರಾವೆ. ಕೊನೆಗೆ ಖಜಾನೆಯಿಂದ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ಹಣ. ಇದರ ಜೊತೆಗೆ ರಾಜ್ಯದಲ್ಲಿ 'ಕುಟುಂಬ' ಎಂಬ ದತ್ತಾಂಶ ವ್ಯವಸ್ಥೆ ಬೇರೆ ಇದೆ. ಪಡಿತರ ಚೀಟಿ ಮಾಹಿತಿಯ ತಳಹದಿಯ ಮೇಲೆ ಕಟ್ಟಿದ ಇದು ಒಂದು ಮನೆಯವರು ಯಾವ್ಯಾವ ಯೋಜನೆಗೆ ಅರ್ಹರು ಅಂತ ನೋಡಲು ಇರುವುದು.

ಹೀಗೆ ಜೋಡಿಸುವುದರಲ್ಲಿ ಲಾಭ ಇಲ್ಲ ಅಂತಲ್ಲ. ಹತ್ತು ಜೆರಾಕ್ಸ್ ಹಿಡಿದು ಗೆಜೆಟೆಡ್ ಅಧಿಕಾರಿ ಸಹಿಗೆ ಅಲೆದ ತಲೆಮಾರು ನಮ್ಮದು. ಆ ಅಲೆದಾಟ ತಪ್ಪಿದ್ದು ದೊಡ್ಡ ವಿಷಯ. ಆದರೆ ಜೋಡಣೆ ಹೆಚ್ಚಾದಷ್ಟೂ 'ಈ ಮನೆಯ ಈ ಹುಡುಗಿಗೆ ಇಷ್ಟು ದಿನದಿಂದ ಕೆಲಸ ಇಲ್ಲ' ಎಂಬ ಸಾಲು ಹೆಚ್ಚು ಕಣ್ಣುಗಳಿಗೆ ಬೀಳುವ ಸಾಧ್ಯತೆ ಹೆಚ್ಚು.

ಡೇಟಾ ಸೋರಿಕೆ ಅಂದಕೂಡಲೇ ನಾವು ಹ್ಯಾಕರ್‌ಗಳನ್ನು ಊಹಿಸಿಕೊಳ್ಳುತ್ತೇವೆ. ನಮ್ಮ ತಾಲ್ಲೂಕುಗಳಲ್ಲಿ ಸೋರುವುದು ಬಹುತೇಕ ಬಾಯಿಂದ. ಕೌಂಟರ್‌ನಲ್ಲಿ ಕೂತವರು ಕೆಟ್ಟವರಲ್ಲ, ಊರಿನವರು. ಒಟಿಪಿ ಜೋರಾಗಿ ಕೇಳುತ್ತಾರೆ, ಸ್ಕ್ರೀನ್ ಎಲ್ಲರ ಕಡೆ ತಿರುಗಿರುತ್ತೆ, ಆಧಾರ್ ಪ್ರತಿ ಮೇಜಿನ ಮೇಲೆ ಬಿದ್ದಿರುತ್ತೆ. ಗಂಡು ನೋಡುತ್ತಿರುವ ಮನೆಯ ಹುಡುಗಿಗೆ, ಸಾಲ ತೀರಿಸಬೇಕಾದ ಮನೆಯ ಹುಡುಗನಿಗೆ, 'ಇನ್ನೂ ಸಿಕ್ಕಿಲ್ವಾ' ಎಂಬ ಒಂದು ಪ್ರಶ್ನೆ ಸಾಕು, ಮತ್ತೆ ಆ ಕೇಂದ್ರದ ಮೆಟ್ಟಿಲು ಹತ್ತುವುದಿಲ್ಲ. ಅಲ್ಲಿಗೆ ಹೋಗುವುದು ನಿಂತರೆ ಘೋಷಣೆಯೂ ನಿಲ್ಲುತ್ತದೆ, ಘೋಷಣೆ ನಿಂತರೆ ಹಣವೂ ನಿಲ್ಲುತ್ತದೆ. ಹಾಗಾಗಿ ವಿಧಾನ ಮತ್ತು ಗೋಪ್ಯತೆ ಬೇರೆ ಬೇರೆ ವಿಷಯಗಳಲ್ಲ.

ಕಾನೂನು ಏನು ಕೊಟ್ಟಿದೆ, ಏನು ಕಿತ್ತುಕೊಂಡಿದೆ?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಕೇಸು ಹಾಕಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮರುವರ್ಷ, 2018ರ ಸೆಪ್ಟೆಂಬರ್‌ನಲ್ಲಿ, ಸರ್ಕಾರಿ ಸವಲತ್ತಿಗೆ ಆಧಾರ್ ಕೇಳಬಹುದು ಎಂದೂ ಕೋರ್ಟು ಹೇಳಿತು. ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸುವಂತಿಲ್ಲ ಎಂದು ಆಧಾರ್ ಕಾಯ್ದೆಯ 29ನೇ ಸೆಕ್ಷನ್ ಹೇಳುತ್ತದೆ.

ಆಮೇಲೆ ಬಂದದ್ದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023. ಇದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ನಿರುದ್ಯೋಗ ಭತ್ಯೆ ಪಡೆಯುವವರು ಇದರಲ್ಲಿ ಮೂರು ಸಂಗತಿ ತಿಳಿದಿರಬೇಕು.

ಒಂದು, ಒಪ್ಪಿಗೆ. ಖಾಸಗಿ ಆ್ಯಪ್ ನಿಮ್ಮ ಡೇಟಾ ಬಳಸಲು ಸಾಮಾನ್ಯವಾಗಿ ನಿಮ್ಮ ಒಪ್ಪಿಗೆ ಬೇಕು. ಸಬ್ಸಿಡಿ, ಸವಲತ್ತು, ಪ್ರಮಾಣಪತ್ರ ಕೊಡುವ ಸರ್ಕಾರಕ್ಕೆ 7ನೇ ಸೆಕ್ಷನ್ ರಿಯಾಯಿತಿ ಕೊಡುತ್ತದೆ. ಹಿಂದೆ ಯಾವುದಾದರೂ ಸವಲತ್ತಿಗಾಗಿ ನೀವು ಒಪ್ಪಿಗೆ ಕೊಟ್ಟಿದ್ದರೆ, ಅಥವಾ ಕೇಂದ್ರ ಸರ್ಕಾರ ಅಧಿಸೂಚಿಸಿದ ಸರ್ಕಾರಿ ದತ್ತಾಂಶದಲ್ಲಿ ನಿಮ್ಮ ಮಾಹಿತಿ ಇದ್ದರೆ, ಮತ್ತೆ ಕೇಳದೆ ಬಳಸಬಹುದು.

ಎರಡು, ತಿದ್ದುವ ಹಕ್ಕು. ನನ್ನ ಬಗ್ಗೆ ಏನು ಮಾಹಿತಿ ಇಟ್ಟಿದ್ದೀರಿ ಎಂದು ಕೇಳುವ, ತಪ್ಪಿದ್ದರೆ ತಿದ್ದಿಸುವ ಹಕ್ಕನ್ನು 11 ಮತ್ತು 12ನೇ ಸೆಕ್ಷನ್‌ಗಳು ಕೊಡುತ್ತವೆ. ಆದರೆ ಅವುಗಳ ಪದಗಳನ್ನು ಗಮನಿಸಿ ಓದಿ. ಆ ಹಕ್ಕು ಇರುವುದು ಒಪ್ಪಿಗೆಯ ಮೇಲೆ ಬಳಸಿದ ಡೇಟಾಗೆ. ಸರ್ಕಾರ ಮೇಲಿನ ರಿಯಾಯಿತಿಯಲ್ಲಿ ಬಳಸಿದ್ದಕ್ಕೆ ಅದು ನೇರವಾಗಿ ಅನ್ವಯಿಸುವುದಿಲ್ಲ. ಯಾವುದೋ ದಾಖಲೆಯಲ್ಲಿ ನೀವು 'ಉದ್ಯೋಗಿ' ಎಂದು ತಪ್ಪಾಗಿ ನಮೂದಾಗಿ ಭತ್ಯೆ ನಿಂತರೆ? ದೂರು ಕೊಡುವ ಹಕ್ಕು 13ನೇ ಸೆಕ್ಷನ್‌ನಲ್ಲಿದೆ. ಅಷ್ಟಕ್ಕೇ ತೃಪ್ತಿಪಡಬೇಕು.

ಮೂರು, ಸಮಯ. ನನಗೆ ಅತಿ ಬೇಸರ ತರಿಸಿದ್ದು ಇದು. ಸುರಕ್ಷತೆ, ಸೋರಿಕೆಯಾದರೆ ತಿಳಿಸುವುದು, ಅಗತ್ಯಕ್ಕಿಂತ ಹೆಚ್ಚು ಮಾಹಿತಿ ಕೇಳಬಾರದು ಎಂಬಂಥ ಜವಾಬ್ದಾರಿಗಳು ಜಾರಿಯಾಗುವುದು ನಿಯಮ ಹೊರಬಿದ್ದ 18 ತಿಂಗಳ ಮೇಲೆ, ಅಂದರೆ 2027ರ ಮೇ ಹೊತ್ತಿಗೆ. ಆದರೆ ಇದೇ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಗೆ ತಂದ ತಿದ್ದುಪಡಿ ಮಾತ್ರ 2025ರ ನವೆಂಬರ್‌ನಲ್ಲೇ ಜಾರಿಗೆ ಬಂತು. ನಮ್ಮ ಮಾಹಿತಿ ಕಾಯುವ ಬಾಗಿಲು ಹಾಕಲು ಒಂದೂವರೆ ವರ್ಷ ಬೇಕು, ಸರ್ಕಾರದ ಮಾಹಿತಿ ಕೇಳುವ ಬಾಗಿಲು ಮುಚ್ಚಲು ಒಂದು ದಿನವೂ ಬೇಡ!

ಪಟ್ಟಿ ಗೋಡೆ ಮೇಲೆ ಇರಬೇಕೋ ಬೇಡವೋ?

ಆ ತಿದ್ದುಪಡಿ ಏನು ಅಂತ ನೋಡೋಣ. ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಮೊದಲು ಹೇಳುತ್ತಿದ್ದುದು, ಸಾರ್ವಜನಿಕ ಚಟುವಟಿಕೆಗೆ ಸಂಬಂಧಿಸದ ಅಥವಾ ಖಾಸಗಿತನಕ್ಕೆ ಅನಗತ್ಯ ಧಕ್ಕೆ ತರುವ ವೈಯಕ್ತಿಕ ಮಾಹಿತಿ ಕೊಡಬೇಕಿಲ್ಲ, ಆದರೆ ದೊಡ್ಡ ಸಾರ್ವಜನಿಕ ಹಿತ ಇದ್ದರೆ ಕೊಡಬಹುದು ಎಂದು. ಸಂಸತ್ತಿಗೆ, ವಿಧಾನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನು ಸಾಮಾನ್ಯ ಪ್ರಜೆಗೂ ನಿರಾಕರಿಸುವಂತಿಲ್ಲ ಎಂಬ ಚಂದದ ಸಾಲೂ ಇತ್ತು. ಈಗ ಅದೆಲ್ಲ ಹೋಗಿ ಉಳಿದಿರುವುದು 'ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ' ಎಂಬಷ್ಟೇ. ಸಾರ್ವಜನಿಕ ಹಿತಕ್ಕಾಗಿ ಮಾಹಿತಿ ಕೊಡಬಹುದು ಎನ್ನುವ 8(2) ಹಾಗೇ ಇದೆಯಲ್ಲ ಎನ್ನುವುದು ಕೇಂದ್ರ ಸರ್ಕಾರದ ಸಮಜಾಯಿಷಿ. ಇದೆ, ನಿಜ. ಆದರೆ ಇಲ್ಲ ಅನ್ನಲು ಕಾರಣ ಹುಡುಕುವ ಅಧಿಕಾರಿಗೆ ಮೊದಲನೆಯದೇ ಸಾಕು.

ಇನ್ನೊಂದು ಕಡೆ ಇದೇ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್, ಸಬ್ಸಿಡಿ ಯೋಜನೆಗಳ ಹಣ ಮತ್ತು ಫಲಾನುಭವಿಗಳ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಅನ್ನುತ್ತದೆ. ರಾಜಸ್ಥಾನದ ಜನ ಸೂಚನಾ ಪೋರ್ಟಲ್, ನಮ್ಮ 'ಮಾಹಿತಿ ಕಣಜ' ಹುಟ್ಟಿದ್ದು ಈ ಆಶಯದಿಂದ.

ಹಾಗಾದರೆ ನಾನು ಯಾವ ಕಡೆ? ನನ್ನ ತಂಗಿಯ ಮುಜುಗರವನ್ನೂ ಹೇಳುತ್ತೇನೆ, ಪಟ್ಟಿ ಮುಚ್ಚುವುದನ್ನೂ ವಿರೋಧಿಸುತ್ತೇನೆ ಅಂದರೆ ಎರಡು ದೋಣಿಯಲ್ಲಿ ಕಾಲಿಟ್ಟ ಹಾಗಲ್ಲವೇ? ಅಲ್ಲ ಅಂತ ನನ್ನ ವಾದ.

ನರೇಗಾ ಹಾಜರಿ ಪಟ್ಟಿ ನೋಡಿ. ಅದರಲ್ಲಿ ಹೆಸರು ಬಹಿರಂಗವಾಗಿರುವುದು ಕೂಲಿಕಾರರ ರಕ್ಷಣೆಗೆ. ಕೆಲಸಕ್ಕೆ ಬಾರದವರ ಹೆಸರಲ್ಲಿ ದುಡ್ಡು ಎತ್ತಿದರೆ ಪಕ್ಕದ ಮನೆಯವರೇ ಹಿಡಿಯಬಹುದು. ಅಲ್ಲಿ ಹೆಸರು ಹೇಳುವುದು 'ಇವರು ದುಡಿದಿದ್ದಾರೆ' ಎಂದು. ಯುವನಿಧಿ ಪಟ್ಟಿಯಲ್ಲಿ ಹೆಸರು ಹೇಳುವುದು 'ಇವರಿಗೆ ಕೆಲಸ ಸಿಕ್ಕಿಲ್ಲ' ಎಂದು. ಹಣ ಹೋಗುವುದು ನೇರ ಬ್ಯಾಂಕ್ ಖಾತೆಗೆ, ಡಿಗ್ರಿ ಪರಿಶೀಲನೆ ಎನ್‌ಎಡಿಯಿಂದ. ಸುಳ್ಳು ಹಿಡಿಯಲು ಊರವರ ಕಣ್ಣಿನ ಅಗತ್ಯ ಇಲ್ಲಿ ತೀರಾ ಕಡಿಮೆ. ಹಾಗಾಗಿ ಪ್ರಶ್ನೆ 'ಪಟ್ಟಿ ಬೇಕೋ ಬೇಡವೋ' ಅಲ್ಲ, 'ಹೆಸರು ತೋರಿಸಿದರೆ ಯಾರಿಗೆ ಬಲ ಬರುತ್ತದೆ' ಎಂಬುದು.

ಹೆಸರು ಬೇಡ, ಅಂಕಿ ಬೇಕು. ಹಿರಿಯೂರು ತಾಲ್ಲೂಕಿನಲ್ಲಿ ಎಷ್ಟು ಅರ್ಜಿ ಬಂತು, ಎಷ್ಟು ತಿರಸ್ಕೃತವಾಯಿತು, ಯಾವ ಕಾರಣಕ್ಕೆ, ಘೋಷಣೆ ತಪ್ಪಿ ಎಷ್ಟು ಜನರ ಹಣ ನಿಂತಿತು, ಎಷ್ಟು ಹುಡುಗಿಯರು, ಎರಡು ವರ್ಷ ಮುಗಿದವರಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು? ಇದರಲ್ಲಿ ಒಬ್ಬರ ಖಾಸಗಿತನಕ್ಕೂ ಧಕ್ಕೆ ಇಲ್ಲ, ಸರ್ಕಾರದ ಮುಜುಗರವಷ್ಟೇ ಇರುವುದು. 2024ರ ಜನವರಿಯಲ್ಲಿ ಮೊದಲ ಕಂತು ಪಡೆದವರ ಎರಡು ವರ್ಷದ ಗರಿಷ್ಠ ಅವಧಿ ಮುಗಿಯುವ ಹೊತ್ತಿಗೆ ಕೇಳಲೇಬೇಕಾದ ಪ್ರಶ್ನೆ ಇದು. ಯುವನಿಧಿ ನಿಜವಾಗಿ ನಮ್ಮ ರಾಜ್ಯದ ವಿದ್ಯಾವಂತ ನಿರುದ್ಯೋಗದ ನಕ್ಷೆ. ಅದನ್ನು ಜನರ ಮುಂದಿಡುವ ಧೈರ್ಯ ಬೇಕು.

ಸಮಿತಿಗಳ ವಿಷಯ

ಗ್ಯಾರಂಟಿ ಯೋಜನೆಗಳಿಗೆ ರಾಜ್ಯ, ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಅನುಷ್ಠಾನ ಸಮಿತಿಗಳಿವೆ. ಆಡಳಿತ ಪಕ್ಷದ ಕಾರ್ಯಕರ್ತರನ್ನು ಇವುಗಳಿಗೆ ನೇಮಿಸಿ ಸರ್ಕಾರದ ದುಡ್ಡಲ್ಲಿ ಗೌರವಧನ ಕೊಡಲಾಗುತ್ತಿದೆ ಎಂದು 2025ರ ಮಾರ್ಚ್‌ನಲ್ಲಿ ವಿರೋಧ ಪಕ್ಷಗಳು ಸದನದಲ್ಲಿ ಗದ್ದಲ ಎಬ್ಬಿಸಿದವು. ಚರ್ಚೆ ದುಡ್ಡಿನ ಸುತ್ತಲೇ ಸುತ್ತಿತು. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಬೇರೆ. ಪಕ್ಷದ ಜನ ಇರುವ ಸಮಿತಿ ಪ್ರಗತಿ ಪರಿಶೀಲನೆ ಮಾಡುವಾಗ ಅವರ ಮುಂದೆ ಇಡುವ ಹಾಳೆಯಲ್ಲಿ ಅಂಕಿ ಇರಬೇಕೋ, ಹೆಸರು-ಫೋನ್ ನಂಬರ್ ಇರಬೇಕೋ? ಈ ಗೆರೆಯನ್ನು ಬರಹದಲ್ಲಿ ಎಳೆಯಬೇಕು. ಇವತ್ತು ಕಾಂಗ್ರೆಸ್, ನಾಳೆ ಬಿಜೆಪಿಯೋ ಜೆಡಿಎಸ್ಸೋ. ತಾಲ್ಲೂಕಿನ ಕೆಲಸವಿಲ್ಲದ ಯುವಕರ ಫೋನ್ ನಂಬರ್ ಪಟ್ಟಿ ಯಾವ ಪಕ್ಷದ ಕೈಲಿದ್ದರೂ ಅದು ಚುನಾವಣಾ ಸಾಮಗ್ರಿಯೇ.

ಅತಿಯಾಯಿತು ಅನಿಸಿದರೆ ಆಸ್ಟ್ರೇಲಿಯಾ ನೋಡಿ. ಅಲ್ಲಿ 'ರೋಬೋಡೆಟ್' ಎಂಬ ವ್ಯವಸ್ಥೆ ತೆರಿಗೆ ಇಲಾಖೆಯ ವಾರ್ಷಿಕ ಆದಾಯವನ್ನು ಹದಿನೈದು ದಿನಗಳ ಸರಾಸರಿ ಮಾಡಿ, ಭತ್ಯೆ ಪಡೆದವರಿಗೆ 'ನೀವು ಹೆಚ್ಚು ಪಡೆದಿದ್ದೀರಿ, ವಾಪಸ್ ಕಟ್ಟಿ' ಎಂದು ನೋಟಿಸ್ ಕಳಿಸಿತು. ಆಗಾಗ ದುಡಿದು ಆಗಾಗ ಕೂತವರಿಗೆ ಈ ಸರಾಸರಿ ಲೆಕ್ಕ ಶುದ್ಧ ತಪ್ಪು. 2017ರಲ್ಲಿ ಒಬ್ಬ ಮಹಿಳೆ ತನ್ನ ಅನುಭವ ಬರೆದಾಗ, ಆಕೆಯ ವೈಯಕ್ತಿಕ ವಿವರಗಳನ್ನು ಇಲಾಖೆಯೇ ಪತ್ರಕರ್ತರೊಬ್ಬರಿಗೆ ಕೊಟ್ಟಿತು. ಅದು ಕಾನೂನು ಉಲ್ಲಂಘನೆ ಅಲ್ಲ ಎಂದು ಅಲ್ಲಿನ ಮಾಹಿತಿ ಆಯುಕ್ತರ ಕಚೇರಿ ತೀರ್ಮಾನಿಸಿತು. 2023ರ ಜುಲೈನಲ್ಲಿ ಬಂದ ರಾಯಲ್ ಕಮಿಷನ್ ವರದಿ ಇಡೀ ಯೋಜನೆಯನ್ನು ಕಟುವಾಗಿ ಖಂಡಿಸಿತು. ಅಷ್ಟು ಹೊತ್ತಿಗೆ ಎಷ್ಟೋ ಮನೆ ಹಾಳಾಗಿದ್ದವು. ಅಡಿಕೆ ಸುಗ್ಗಿಯ ಇಪ್ಪತ್ತು ದಿನದ ಲೆಕ್ಕ ನೆನಪಿದೆಯಲ್ಲ? ಅಲ್ಲಿ ಆದದ್ದು ಇಲ್ಲಿ ಆಗಬಾರದು ಅಂದರೆ ಈಗಲೇ ಕೇಳಬೇಕು.

ಕೇಳಬೇಕಾದ್ದು, ನಾವೇ ಮಾಡಿಕೊಳ್ಳಬೇಕಾದ್ದು

ಸರ್ಕಾರದಿಂದ ನಾನು ಕೇಳುವುದು ಐದೇ. ಗಡುವಿಗೆ ಮೊದಲು ಕನ್ನಡದಲ್ಲಿ ಎಸ್‌ಎಂಎಸ್. ಘೋಷಣೆ ತಪ್ಪಿದರೆ ಹಣ ನಿಲ್ಲಿಸುವ ಮೊದಲು ಒಂದು ತಿಂಗಳ ಅವಕಾಶ. ತಾತ್ಕಾಲಿಕ ದುಡಿಮೆಯನ್ನು ಹೆದರದೆ ಹೇಳಿಕೊಳ್ಳುವಂಥ ಪ್ರಶ್ನೆ, ಜೊತೆಗೆ 'ಉದ್ಯೋಗ' ಎಂದರೆ ಏನು ಎಂಬ ಸರಳ ವಿವರಣೆ. ತಿರಸ್ಕರಿಸಿದರೆ ಕಾರಣ ಬರಹದಲ್ಲಿ, ನಿಗದಿತ ದಿನದೊಳಗೆ ಮೇಲ್ಮನವಿ. 2011ರ ಸಕಾಲ ಕಾಯ್ದೆ ಮಾಡಿದ ರಾಜ್ಯಕ್ಕೆ ಇದು ಹೊಸ ವಿದ್ಯೆಯೇನಲ್ಲ. ಕೊನೆಯದು, ಯಾರು ಹೆಸರು ನೋಡಬಹುದು, ಯಾರು ಅಂಕಿ ಮಾತ್ರ ನೋಡಬಹುದು ಎಂಬ ಒಂದು ಪುಟದ ಗೋಪ್ಯತಾ ನಿಯಮ, ಪ್ರತಿ ಸೇವಾ ಕೇಂದ್ರದ ಗೋಡೆ ಮೇಲೆ. ಇದಕ್ಕೆ 2027ರ ಮೇವರೆಗೆ ಕಾಯಬೇಕಿಲ್ಲ, ಒಂದು ಸುತ್ತೋಲೆ ಸಾಕು.

ಅಲ್ಲಿಯವರೆಗೆ ನೀವು ಮಾಡಬಹುದಾದ್ದು ಇಷ್ಟು. ಸ್ವಯಂ ಘೋಷಣೆಗೆ ಕೌಂಟರ್ ಬೇಕೇ ಬೇಕು ಅಂತಿಲ್ಲ, ಮೊಬೈಲ್ ಬ್ರೌಸರ್‌ನಲ್ಲೇ ಸೇವಾ ಸಿಂಧು ತೆರೆದು ಮಾಡಬಹುದು. ಆಧಾರ್‌ಗೆ ಜೋಡಿಸಿದ ನಂಬರ್ ಚಾಲ್ತಿಯಲ್ಲಿರಲಿ. ಮುಂದಿನ ಘೋಷಣೆ ಯಾವಾಗ ಅಂತ ಪೋರ್ಟಲ್‌ನಲ್ಲೇ ನೋಡಿ ಫೋನಿನಲ್ಲಿ ರಿಮೈಂಡರ್ ಹಾಕಿ. ಘೋಷಣೆ ಆದ ಮೇಲೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕೇಂದ್ರಕ್ಕೆ ಹೋಗಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕೇ ಅಂತ ಕೇಳಿ, ಒಟಿಪಿ ನೀವೇ ಟೈಪ್ ಮಾಡಿ. ನಿಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಎಂಬ ಇತಿಹಾಸವನ್ನು ಯುಐಡಿಎಐ ತಾಣದಲ್ಲಿ ನೋಡಬಹುದು. ಕೆಲಸ ಸಿಕ್ಕರೆ ಹಾಗಂತ ತಿಳಿಸಿ, ಸುಮ್ಮನೆ ಟಿಕ್ ಒತ್ತುವ ಆಸೆ ಬೇಡ. ಇನ್ನು ನಿಮ್ಮ ತಾಲ್ಲೂಕಿನ ಅಂಕಿ ಕೇಳಿ ಒಂದು ಮಾಹಿತಿ ಹಕ್ಕು ಅರ್ಜಿ ಹಾಕಿ. ಹೆಸರು ಕೇಳಬೇಡಿ, ಸಂಖ್ಯೆ ಕೇಳಿ. ಹೆಸರೇ ಇಲ್ಲದ ಸಂಖ್ಯೆಗೆ 8(1)(ಜೆ) ತೋರಿಸಿ ಇಲ್ಲ ಅನ್ನುವುದು ಅಷ್ಟು ಸುಲಭವಲ್ಲ.

ಎಂಜಿನಿಯರಿಂಗ್ ಮುಗಿಸಿದ ಮೇಲೆ ಒಂಬತ್ತು ತಿಂಗಳು ನಾನೂ ಚಿತ್ರದುರ್ಗದಲ್ಲಿ ಸುಮ್ಮನೆ ಕೂತಿದ್ದೆ. ಕೇಳಿದವರಿಗೆಲ್ಲ ಅಪ್ಪ "ಬೆಂಗಳೂರಲ್ಲಿ ಟ್ರೈನಿಂಗ್‌ನಲ್ಲಿದ್ದಾನೆ" ಅಂತಿದ್ದರು. ನಾನು ಹಗಲು ಹೊತ್ತು ಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಆಗ ಯಾವ ಭತ್ಯೆಯೂ ಇರಲಿಲ್ಲ. ಇದ್ದಿದ್ದರೂ ಸಾಲಲ್ಲಿ ನಿಂತು ಕೇಳುತ್ತಿದ್ದೆನೋ ಇಲ್ಲವೋ, ಇವತ್ತಿಗೂ ಖಾತ್ರಿ ಇಲ್ಲ. ಕೆಲಸ ಸಿಗದಿರುವುದು ನನ್ನೊಬ್ಬನ ಸೋಲು ಅಂತಲೇ ಅಂದುಕೊಂಡಿದ್ದೆ. ನಮ್ಮ ಜಿಲ್ಲೆಯಲ್ಲಿ ನನ್ನಂಥವರು ಎಷ್ಟಿದ್ದರು ಅಂತ ಯಾರೂ ಎಣಿಸಿ ಹೇಳಿರಲಿಲ್ಲ.

ಅವತ್ತು ರಾತ್ರಿ ತಂಗಿ ಫೋನಿನಲ್ಲೇ ಪೋರ್ಟಲ್ ತೆರೆದ್ಲು. ಎರಡು ಸಲ ಒಟಿಪಿ ಬರಲಿಲ್ಲ, ಮೂರನೇ ಸಲ ಬಂತು. ಆದರೆ ಆ ಸಲದ ಗಡುವು ಮುಗಿದಿತ್ತು. ಮುಂದಿನ ಗಡುವಿಗೆ ರಿಮೈಂಡರ್ ಹಾಕಿಕೊಂಡಿದ್ದಾಳೆ. ಹೊಸದುರ್ಗ ತಾಲ್ಲೂಕಿನಲ್ಲಿ ಹೀಗೆ ಗಡುವು ತಪ್ಪಿದವರು ಎಷ್ಟು ಜನ ಅಂತ ಕೇಳಿ ಅರ್ಜಿ ಬರೆಯುತ್ತಿದ್ದಾಳೆ. ಅದರ ಕರಡು ನನಗೆ ಕಳಿಸಿದ್ದಳು, ನಾನು ಬದಲಿಸಿದ್ದು ಎರಡೇ ಪದ.